ಪುಂಡಿನಾರಿನ ಹಗ್ಗ

ಡಂಬಳ
೧೨ ಏಪ್ರಿಲ್ ೧೯೮೪

ಮಗಳು ಮಾಸುಮಬಿಗೆ ಅಪ್ಪ ಯಮನೂರಸಾಬನ ದುವಾ.

ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ಟು... ಮುಂದೆ 'ಸೀ' ಬರುತ್ತದೋ 'ಹಿಯರ್' ಬರುತ್ತದೋ ಮರೆತಿದೆ. ಗದಗಿನಲ್ಲಿ ಕಲಿತ ಒಂದೂವರೆ ವರ್ಷದ ಕಾಲೇಜು ಇಷ್ಟೇ ಉಳಿದಿದೆ. ಅರ್ಥ ಏನೆಂದರೆ, ನಾನು ಆರಾಮ ಇದ್ದೇನೆ. ನೀನೂ ನಿನ್ನ ಹಸುಗೂಸೂ ಆರಾಮ ಇರಬೇಕು.

ನಿನ್ನೆ ನಿನ್ನ ನಾದಿನಿ ಬಂದು, ಮೊಮ್ಮಗಳು ದಿಲಶಾದಳನ್ನು ಬಸ್ಸಿನಿಂದ ಇಳಿಸಿ, ಒಂದು ಲೋಟ ನೀರನ್ನೂ ಕುಡಿಯದೆ ಅದೇ ಬಸ್ಸಿಗೆ ಹೊರಳಿ ಹೋದಳು. "ಹತ್ತು ವರ್ಷದಾಕಿ, ಹಿಂಗ್ಯಾಕ ಸೊರಗ್ಯಾಳವಾ?" ಎಂದು ಕೂಸಿನ ರಟ್ಟೆ ಹಿಡಿದು ಕೇಳುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು. ಇರಲಿ. ನಿನ್ನ ಬಾಣಂತನ ಮುಗಿದು ಶಾಲೆ ಸುರುವಾಗುವ ತನಕ ಮೊಮ್ಮಗಳು ನನ್ನವಳು. ನಿನ್ನ ಅವ್ವ ಹೋದ ಮೇಲೆ ಈ ಮನೆಗೆ ಬಂದ ಮೊದಲನೆಯ ಬೇಸಿಗೆ ಸೂಟಿ ಇದು.

ಅದಕ್ಕೇ ಪ್ರೋಗ್ರಾಮ್ ಹಾಕಿದ್ದೇನೆ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ಇಪ್ಪತ್ತೆಂಟು ವರ್ಷ ಕಾರಕೂನಿಕಿ ಮಾಡಿದವನು, ಕಾಗದದ ಮೇಲೆ ಬರೆಯದಿದ್ದರೆ ನನಗೆ ಯಾವ ಕೆಲಸವೂ ಕೆಲಸ ಅನಿಸುವುದಿಲ್ಲ. (ಈ ಹಾಳೆಯ ಬೆನ್ನಿಗೆ ೧೯೭೧ರ ಬೇವಿನ ಸಸಿಗಳ ಲೆಕ್ಕವಿದೆ, ಓದಬೇಡ. ಒಂದು ಬದಿ ಖಾಲಿ ಇದ್ದ ಹಾಳೆಯನ್ನು ಒಲೆಗೆ ಹಾಕಲು ನನ್ನ ಕೈ ಬರುವುದಿಲ್ಲ.) ನಮ್ಮ ಸೂಟಿ ಮುಗಿದ ಮೇಲೆ ಅದು ಆಗಿತ್ತು ಎಂದು ನೆಲಕ್ಕೂ ಗೊತ್ತಾಗಬಾರದು. ಮಣ್ಣಾಗದ ವಸ್ತು ಕೊಳ್ಳುವುದಿಲ್ಲ. ಹಸಿ ಟೊಂಗೆ ಮುರಿಯುವುದಿಲ್ಲ. ಉಣ್ಣುವುದು ಮುತ್ತಲ ಎಲೆಯಲ್ಲಿ, ಅದನ್ನೂ ಕಡ್ಡಿ ಚುಚ್ಚಿ ನಾವೇ ಹಚ್ಚುವುದು. ಕಪ್ಪತಗುಡ್ಡಕ್ಕೆ ಹೋದರೆ ರೊಟ್ಟಿ ಅರಿವೆಯಲ್ಲಿ, ನೀರು ಮಣ್ಣಿನ ಕೊಡದಲ್ಲಿ. ದಾದಾಪೀರ ಗದಗಿನಿಂದ ಪ್ಲಾಸ್ಟಿಕ್ಕಿನ ಗೊಂಬೆ ಕೊಡಿಸುತ್ತೇನೆ ಅಂದಿದ್ದನಂತೆ. ಅಳಿಯನಿಗೆ ಹೇಳು, ಆ ಗೊಂಬೆ ಅವನ ಮೊಮ್ಮಕ್ಕಳ ಕಾಲಕ್ಕೂ ಯಾವುದಾದರೂ ಗಟಾರದಲ್ಲಿ ಮಲಗಿರುತ್ತದೆ.

ಎಲ್ಲಕ್ಕೂ ಕಡೆಗೆ, ಮೇ ಹದಿನೈದಕ್ಕೆ, ನೆರೆಮನೆಯ ಗಾಳೆಪ್ಪನ ತೋಟದ ಬಾವಿಯಲ್ಲಿ ಈಜು. ಗಾಳೆಪ್ಪ ಬೆಳೆಗೆ ಹೊಡೆಯುವ ಔಷಧದ ಹಳದಿ ಡಬ್ಬಿ ತಂದು, "ಅಣ್ಣಾ, ಇದನ್ನ ಬೆನ್ನಿಗೆ ಕಟ್ಟು, ಎಮ್ಮಿನೂ ತೇಲತೈತಿ" ಅಂದ. ಮೂಸಿ ನೋಡಿ ಅವನ ಕೈಗೇ ಕೊಟ್ಟೆ. ಆ ವಿಷ ಬಾವಿಗಿಳಿದರೆ ಅದೇ ನೀರನ್ನು ನಾವು ಕುಡಿಯಬೇಕಲ್ಲ! ನಿನ್ನ ಅವ್ವ ಬೆಳೆದು ಜಂತಿಗೆ ಕಟ್ಟಿ ಒಣಗಿಸಿದ ಎರಡು ಸೋರೆಬುರುಡೆ ಹಾಗೇ ಇವೆ, ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತವೆ. ಅವನ್ನೇ ಕಟ್ಟುತ್ತೇನೆ. ನೈಲಾನ್ ಹಗ್ಗವೂ ಬೇಡ. ಪುಂಡಿಯ ನಾರು ಬಿಡಿಸಿಟ್ಟಿದ್ದೇನೆ. ಅಜ್ಜ ಮೊಮ್ಮಗಳು ಕೂಡಿ ಹೊಸೆಯುತ್ತೇವೆ. ನಾನು ನದಾಫರ ಮಗ. ಕಾಲೇಜು ಕಂಡರೂ, ಅಪ್ಪನ ಜೋಡಿ ಹತ್ತಿ ಹಿಂಜಿದ ಕೈ ಇದು.

ಇಲ್ಲಿಂದ ಮುಂಡರಗಿ, ಗದಗ, ಶಿರಹಟ್ಟಿ ತಿರುಗಿ ನಿನಗೆ ಟಪಾಲು ಮುಟ್ಟಲು ಮೂರು ದಿನ ಬೇಕು. ಜಲ್ದಿ ಉತ್ತರ ಬರೆ.

ನಿನ್ನ ಅಪ್ಪ
ಯಮನೂರಸಾಬ

ಲಕ್ಷ್ಮೇಶ್ವರ
೧೭ ಏಪ್ರಿಲ್ ೧೯೮೪

ಅಪ್ಪಾ ಅವರಿಗೆ ಮಾಸುಮಬಿಯ ಸಲಾಮು.

ಪತ್ರ ಮುಟ್ಟಿತು. ನಾನು ಏಳಲು ಇನ್ನೂ ಅತ್ತೆಯವರ ಅಪ್ಪಣೆ ಇಲ್ಲ, ಮಲಗಿಕೊಂಡೇ ಬರೆಯುತ್ತಿದ್ದೇನೆ. ಕೂಸು ಗಂಡು, ಹಾಲು ಕುಡಿಯುತ್ತದೆ. ನಿಮ್ಮ ಅಕ್ಷರ ಯಾಕೆ ಕುಂಬಳಕಾಯಿಯಷ್ಟು ದೊಡ್ಡವಾಗಿವೆ? ಹಾಳೆಗೆ ಹತ್ತು ಸಾಲು ಸಹ ಹಿಡಿದಿಲ್ಲ.

ಎಲೆ ಹಚ್ಚುವುದು, ಹಗ್ಗ ಹೊಸೆಯುವುದು ಚಲೋ. ಆದರೆ ದಿಲಶಾದ ಮೊದಲಿನಂತೆ ಗಟ್ಟಿ ಇಲ್ಲ. ಬಿಸಿಲಿಗೆ ಬಿಡಬೇಡಿ. ಒಲೆಯ ಮುಂದೆ ಒಬ್ಬಳನ್ನೇ ಕೂರಿಸಬೇಡಿ. ಗಿಡ ಹತ್ತಿಸಬೇಡಿ. ಬಾವಿಗೆ ಬೇಡ. ಅತ್ತೆಯವರು ಮೋತಿಬಿ ನಿಮಗೆ ಸಲಾಮು ಹೇಳಿದ್ದಾರೆ. ಪತ್ರವನ್ನು ನಾದಿನಿ ಅವರಿಗೆ ಓದಿ ಹೇಳಿದ ಮೇಲೆ ಅಂಟಿಸುತ್ತೇನೆ.

ನಿಮ್ಮ ಮಗಳು
ಮಾಸುಮಬಿ

(ಅಂಟು ಹಚ್ಚುವ ಮಡಿಕೆಯ ಒಳಬದಿಗೆ, ಪೆನ್ಸಿಲಿನಲ್ಲಿ, ಸಾಸಿವೆಯಂಥ ಅಕ್ಷರದಲ್ಲಿ)

ಅಪ್ಪಾ, ನಾದಿನಿ ಓದಿ ಆಯಿತು, ಇದನ್ನು ಕದ್ದು ಬರೆಯುತ್ತಿದ್ದೇನೆ. ದಿಲಶಾದಗೆ ಆರು ತಿಂಗಳಿಂದ ಮೂರ್ಛೆ ಬರುತ್ತದೆ. ಮೊದಲು ಕಣ್ಣು ನೆಟ್ಟು ನಿಲ್ಲುತ್ತಾಳೆ, ಆಮೇಲೆ ಬಿದ್ದು ಕೈಕಾಲು ಬಡಿಯುತ್ತಾಳೆ. ಅವಳಿಗೇ ಗೊತ್ತಿಲ್ಲ. ಹುಬ್ಬಳ್ಳಿ ಡಾಕ್ಟರರ ಗುಳಿಗೆ ಟ್ರಂಕಿನ ತಳದಲ್ಲಿ ಕಾಡಿಗೆ ಡಬ್ಬಿಯೊಳಗಿವೆ, ದಿನಾ ಒಂದು, ಶಕ್ತಿ ಗುಳಿಗೆ ಎಂದು ಕೊಡಿ. ಹೆಣ್ಣುಮಗು, ಹೊರಗೆ ಯಾರಿಗೂ ಹೇಳಬಾರದೆಂದು ಅತ್ತೆ ಕೂಸಿನ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದಾರೆ. ನಿಮ್ಮ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅವರ ಹೆದರಿಕೆ. ನೀರಿಗೆ ಮಾತ್ರ ಇಳಿಸಬೇಡಿ. ಓದಿ ಹರಿದುಹಾಕಿರಿ.

ಡಂಬಳ
೨೨ ಏಪ್ರಿಲ್ ೧೯೮೪

ಮಗಳು ಮಾಸುಮಬಿಗೆ ದುವಾ.

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಪೂರಾ ಓದಿದೆ, ಎರಡು ಸಲ ಓದಿದೆ. ಅಕ್ಷರ ದೊಡ್ಡವಾದದ್ದು ನಿಬ್ಬು ಒಡೆದದ್ದಕ್ಕೆ. ನಿನ್ನ ಶಾಯಿಯೇ ನೀರಾಗಿತ್ತು, ನಾನೇನೂ ಅನ್ನಲಿಲ್ಲ.

ಬಿಸಿಲು ಬೇಡ, ಗಿಡ ಬೇಡ, ನೀರು ಬೇಡ! ನನಗೆ ನಗು ಬಂತು. ಹುಡುಗಿ ಕಪ್ಪಾಗುತ್ತಾಳೆ ಎಂಬ ಹೆದರಿಕೆ ತಾನೆ ನಿನ್ನ ಅತ್ತೆಗೆ? ನೀನು ಸಣ್ಣವಳಿದ್ದಾಗ ಡಂಬಳದ ಕೆರೆ ದಂಡೆಯಲ್ಲಿ ಎಮ್ಮೆಯ ಬೆನ್ನ ಮೇಲೆ ಬೆಳೆದವಳು. ನಿನ್ನನ್ನು ಯಾರೂ ಮದುವೆಯಾಗಲಿಲ್ಲವೇ?

ಇಲ್ಲಿಯ ಸುದ್ದಿ ಕೇಳು. ನಿನ್ನ ಮಗಳು ಗಾಳೆಪ್ಪನ ಹೆಂಡತಿ ಮಂಜವ್ವನ ಕಡೆ ಎಲೆ ಹಚ್ಚುವುದನ್ನು ಕಲಿತಳು. ಅವಳು ಕಡ್ಡಿ ಚುಚ್ಚುತ್ತಾಳೆ, ನಾನು ಕೈಯಾಡಿಸಿ ಪಾಸು ಮಾಡುತ್ತೇನೆ. ನಿನ್ನೆ ಗಾಳೆಪ್ಪ ಬಂದು ಕೂತ.

"ಅಣ್ಣಾ, ನೀ ಸೂಟಿ ಮಾಡಾಕತ್ತಿಯೋ, ಉಪಾಸ ಮಾಡಾಕತ್ತಿಯೋ? ಕೂಸಿಗೆ ಒಂದ ಪೆಪ್ಪರಮೆಂಟು ಕೊಡಸಂದ್ರೂ ಬ್ಯಾಡಂತಿ!"

"ಕೊಡಸ್ತೀನಪಾ. ಸುತ್ತಿದ ಕಾಗದ ಎಲ್ಲಿ ಒಗೀಲಿ?"

ದಿಲಶಾದ ಅಂದಳು: "ಕಾಗದಾನೂ ತಿಂತೀನಜ್ಜಾ, ಕೊಡಸು ಸಾಕು."

ಗಾಳೆಪ್ಪ ನಕ್ಕು ನಕ್ಕು ಕೆಮ್ಮಿದ. ನಾನು ಸೋತು ಬೆಲ್ಲದ ಚೂರು ಕೊಟ್ಟೆ.

ಹುಡುಗಿ ವಿಚಾರವಂತಳು, ಅದನ್ನು ನೀನು ಬರೆದೇ ಇರಲಿಲ್ಲ. ಎಲೆ ಹಚ್ಚುತ್ತ ಹಚ್ಚುತ್ತ ಒಮ್ಮೆಲೇ ಕೈ ನಿಲ್ಲಿಸಿ ಸುಮ್ಮನಾಗಿಬಿಡುತ್ತಾಳೆ. ಕರೆದರೂ ಓ ಅನ್ನುವುದಿಲ್ಲ. ಎಲೆ ಕೈಯಿಂದ ಜಾರಿ ಬೀಳುತ್ತದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೊಂದು ಎತ್ತಿಕೊಳ್ಳುತ್ತಾಳೆ. "ಏನ್ ವಿಚಾರ ಮಾಡಾಕತ್ತಿದ್ದಿ?" ಅಂದರೆ "ಯಾವಾಗ?" ಅನ್ನುತ್ತಾಳೆ. ಡೀಪ್ ಥಿಂಕಿಂಗ್! ಈ ವಾರದಲ್ಲಿ ನಾಲ್ಕು ಸಲವಾಯಿತು. ನಮ್ಮ ವಂಶದಲ್ಲಿ ನನ್ನ ನಂತರ ಇವಳೇ.

ಹಗ್ಗ ಹದಿನೈದು ಮೊಳ ಆಗಿದೆ. ಬಾವಿಯ ಚಿಂತೆ ಬಿಡು. ಸೋರೆಬುರುಡೆ ಯಾಕೆ ಮುಳುಗುವುದಿಲ್ಲ ಎಂದು ಗ್ರೀಕರವನೊಬ್ಬ ಜಳಕದ ಮನೆಯಿಂದ ಬರಿಮೈಯಲ್ಲೇ ಓಡಿಬಂದು ಹೇಳಿದ್ದಾನೆ. ಹೆಸರು 'ಆ'ದಿಂದ ಸುರುವಾಗುತ್ತದೆ.

ಅಪ್ಪ

ಲಕ್ಷ್ಮೇಶ್ವರ
೨೬ ಏಪ್ರಿಲ್ ೧೯೮೪

ಅಪ್ಪಾ ಅವರಿಗೆ ಸಲಾಮು.

ನಿಮ್ಮ ಪತ್ರ ಮುಟ್ಟಿತು. ಪೂರಾ ಓದಿದೆ ಎಂದು ಬರೆದಿದ್ದೀರಿ. ಓದಿಯೂ ನಗು ಬಂತೇ? ಎಲ್ಲ ಗೊತ್ತಾದ ಮೇಲೂ ಬಾವಿಯ ಮಾತು ಹೇಗೆ ಬರೆದಿರಿ? ಅವ್ವ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ. ನಿಮ್ಮ ಎಲೆ, ನಿಮ್ಮ ಹಗ್ಗ, ನಿಮ್ಮ ಕಾಯಿದೆ ನಿಮಗೆ ನನ್ನ ಮಗಳಿಗಿಂತ ಹೆಚ್ಚಾದವು.

ಅವಳು ಹಾಗೆ ಸುಮ್ಮನೆ ನಿಂತಾಗ ಎಷ್ಟು ಹೊತ್ತು ನಿಂತಳು? ಆಮೇಲೆ ಬಿದ್ದಳೇ? ಶಕ್ತಿ ಗುಳಿಗೆ ಕೊಡುತ್ತಿದ್ದೀರಲ್ಲ? ಇಷ್ಟಕ್ಕೆ ಮಾತ್ರ ಉತ್ತರ ಬರೆಯಿರಿ. ಇವರು ಅಂಗಡಿಯ ಮಾಲಿಗೆ ಊರಿಂದ ಹೊರಗೆ ಹೋಗಿದ್ದಾರೆ. ಬಂದ ಕೂಡಲೇ ಮೇ ಆರರ ರವಿವಾರ ಬಂದು ಅವಳನ್ನು ಕರೆದುಕೊಂಡು ಬರುತ್ತಾರೆ. ಟ್ರಂಕು ತುಂಬಿ ಇಡಿರಿ.

ಮಾಸುಮಬಿ

ಡಂಬಳ
೧ ಮೇ ೧೯೮೪

ಮಾಸುಮಬಿಗೆ,

ಪತ್ರ ಬಂತು. ಸತ್ತ ನಿನ್ನ ಅವ್ವನನ್ನು ನಡುವೆ ಯಾಕೆ ತಂದೆ?

ಗುಳಿಗೆ ಯಾವುದು? ನನ್ನ ಮನೆಯಲ್ಲಿ ನುಗ್ಗೆಸೊಪ್ಪು ಇದೆ, ಶೇಂಗಾ ಇದೆ, ಮಂಜವ್ವ ಮಜ್ಜಿಗೆ ಕಳಿಸುತ್ತಾಳೆ. ಅಂಗಡಿಯ ಗುಳಿಗೆಯಿಂದ ಬರುವ ಶಕ್ತಿ ನಮಗೆ ಬೇಡ. ಹುಡುಗಿ ಎಂದೂ ಬಿದ್ದಿಲ್ಲ. ನಾನು ಮುದುಕ, ಎಡವುವವನು ನಾನು.

ಮೂರು ವಾರ ಮಗುವನ್ನು ಕೊಟ್ಟು, ಈಜಿನ ಹಬ್ಬದ ಮುಂದೆ ಕಸಿದುಕೊಳ್ಳುತ್ತೀ. ಆಗಲಿ, ನಿನ್ನ ಮಗಳು. ಆದರೆ ನಾನು ಮಾತು ಕೊಟ್ಟಿದ್ದೇನೆ. ದಾದಾಪೀರ ರವಿವಾರ ಬರುವುದಾದರೆ ಹದಿನೈದರ ತನಕ ಕಾಯಲು ಬರುವುದಿಲ್ಲ. ಬಾವಿ ನಾಳೆಯೇ. ಗಾಳೆಪ್ಪ "ಹಗ್ಗ ನಾ ಹಿಡೀತೀನಣ್ಣಾ, ನಿನಗ್ಯಾಕ ತ್ರಾಸ" ಅಂದ. ಬೇಡ ಅಂದೆ. ನನ್ನ ಮೊಮ್ಮಗಳ ಹಗ್ಗ ನಾನು ಹಿಡಿಯುತ್ತೇನೆ.

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಅವಳು ಈಜು ಕಲಿತಿರುತ್ತಾಳೆ. ಆಗ ನೀನೇ ತಪ್ಪಾಯಿತು ಅನ್ನುತ್ತೀ. ಯುವರ್ಸ್ ಟ್ರೂಲಿ.

ಯಮನೂರಸಾಬ

ಲಕ್ಷ್ಮೇಶ್ವರ
೧ ಮೇ ೧೯೮೪

(ಮೇಲ್ಬದಿಗೆ: ಶ್ರೀ ಗಾಳೆಪ್ಪ ಅವರಿಗೆ, ಯಮನೂರಸಾಬ ನದಾಫ ಅವರ ನೆರೆಮನೆ, ಡಂಬಳ)

ಗಾಳೆಪ್ಪ ಕಾಕಾ ಅವರಿಗೆ ಮಾಸುಮಬಿಯ ನಮಸ್ಕಾರಗಳು.

ಕಾಕಾ, ಈ ಪತ್ರವನ್ನು ನೀವೇ ಒಡೆದು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿರಿ. ಇದನ್ನು ನಾದಿನಿಗೆ ತೋರಿಸಿಲ್ಲ, ಕೂಸಿಗೆ ಕುಲಾವಿ ಹೊಲಿಯಲು ಬಂದ ಹೆಣ್ಣುಮಗಳ ಕೈಯಲ್ಲಿ ಟಪಾಲಿಗೆ ಕಳಿಸುತ್ತಿದ್ದೇನೆ.

ಅಪ್ಪಾ, ಹೋದ ವರ್ಷದಿಂದ ನೀವು ಬರೆದ ಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮೊಹರಮ್ಮಿಗೆ ಬರೆದದ್ದು ಹಾಳೆಗೆ ಇಪ್ಪತ್ತು ಸಾಲು. ಸಂಕ್ರಾಂತಿಗೆ ಹದಿನೈದು. ಈಗ ಎಂಟು, ಅವೂ ಒಂದರ ಮೇಲೊಂದು ಹತ್ತಿವೆ. ನಿಬ್ಬು ಒಡೆದಿಲ್ಲ ಅಪ್ಪಾ. ನಿಮಗೆ ಕಾಣುವುದಿಲ್ಲ. ಮಡಿಕೆಯೊಳಗೆ ಪೆನ್ಸಿಲಿನಿಂದ ಬರೆದದ್ದನ್ನು ನೀವು ಓದಿಯೇ ಇಲ್ಲ. ನಾನು ಅದನ್ನು ತಿಳಿಯದೆ ನಿಮ್ಮನ್ನು ಬೈದೆ.

ದಿಲಶಾದಗೆ ಮೂರ್ಛೆರೋಗ ಇದೆ. ಸುಮ್ಮನೆ ನಿಲ್ಲುವುದು ವಿಚಾರವಲ್ಲ, ಅದೇ ರೋಗ. ಗುಳಿಗೆ ತಪ್ಪಿದರೆ ದೊಡ್ಡದು ಬರುತ್ತದೆ ಎಂದು ಡಾಕ್ಟರರು ಹೇಳಿದ್ದಾರೆ. ಕಾಕಾ, ಟ್ರಂಕಿನ ತಳದಲ್ಲಿ ಕಾಡಿಗೆ ಡಬ್ಬಿ ಇದೆ, ಅದರೊಳಗಿನ ಗುಳಿಗೆ ಇವತ್ತೇ ಕೊಡಿರಿ. ನೀರಿನ ಹತ್ತಿರ ಬಿಡಬೇಡಿರಿ.

ಆಣೆ ಮುರಿದೆ. ಕೂಸು ಮಗ್ಗುಲಲ್ಲೇ ಮಲಗಿದೆ, ಅದರ ಮುಖ ನೋಡಲು ಅಂಜಿಕೆಯಾಗುತ್ತದೆ. ಈ ಮಾತು ನಿಮ್ಮ ಮನೆಯ ಹೊಸ್ತಿಲು ದಾಟಿದರೆ ನನ್ನ ಮಗಳಿಗೆ ಮುಂದೆ ಮನೆ ಸಿಗುವುದಿಲ್ಲ. ಆದರೆ ಮುಂದೆ ಎಂಬುದು ಮೊದಲು ಇರಬೇಕಲ್ಲ.

ಮಾಸುಮಬಿ

ಡಂಬಳ
೪ ಮೇ ೧೯೮೪

ಮಗಳೇ,

ಮೊದಲು ಈ ಅಕ್ಷರ ಯಾರವು ಎಂದು ನೋಡು. ಓದಬೇಡ, ನೋಡು. ಗುಂಡಗೆ, ತಲೆಕಟ್ಟು ದೊಡ್ಡದು ಮಾಡಿ ಬರೆಯುವವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ? ಈಗ ಉಸಿರು ಬಿಟ್ಟು ಮುಂದೆ ಓದು. ನಾನು ಹೇಳುತ್ತಿದ್ದೇನೆ, ದಿಲಶಾದ ಬರೆಯುತ್ತಿದ್ದಾಳೆ.

ಮೊನ್ನೆ ಮುಂಜಾನೆ ಬಾವಿಗೆ ಹೋದೆವು. ಸೋರೆಬುರುಡೆ ಬೆನ್ನಿಗೆ, ಹಗ್ಗ ನಡುವಿಗೆ, ಹಗ್ಗದ ಇನ್ನೊಂದು ತುದಿ ನನ್ನ ಮುಂಗೈಗೆ ಎರಡು ಸುತ್ತು. ನಾನು ಕಡೆಯ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ನೀರಿದೆ ಎಂಬುದು ನನಗೆ ತಂಪಿನಿಂದ ಗೊತ್ತು, ಕಣ್ಣಿಂದಲ್ಲ. ಹೌದು, ಆರು ತಿಂಗಳಾಯಿತು, ಎಲ್ಲವೂ ಹೊಗೆ. ನಿನ್ನ ಪತ್ರವನ್ನೂ ಬಿಸಿಲಿಗೆ ಹಿಡಿದು, ಕಣ್ಣಿಗೆ ಹಚ್ಚಿಕೊಂಡು, ಶಾಯಿಯ ಅಕ್ಷರ ಮಾತ್ರ ಓದುತ್ತಿದ್ದೆ. ಹೇಳಿದ್ದರೆ ನೀನು ಇವಳನ್ನು ಕಳಿಸುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ("ಇದನ್ನೂ ಬರೀಲೇನಜ್ಜಾ?" ಅನ್ನುತ್ತಾಳೆ. ಬರಿ ಅಂದೆ.)

ಗಾಳೆಪ್ಪ ನೀರಿಗಿಳಿದು ಹೊಟ್ಟೆಗೆ ಕೈಕೊಟ್ಟು ಕಲಿಸಿದ. ಅರ್ಧ ತಾಸಿಗೆ ಹುಡುಗಿ ತಾನೇ ಕೈಕಾಲು ಆಡಿಸಿದಳು, ನಗು ಬಾವಿಯ ತುಂಬ. ಅಷ್ಟರಲ್ಲಿ ಎತ್ತು ಕಣ್ಣಿ ಹರಿದು ಮೆಣಸಿನ ಮಡಿಗೆ ನುಗ್ಗಿತೆಂದು ಮಂಜವ್ವ ಕೂಗಿದಳು. ಗಾಳೆಪ್ಪ ಓಡಿದ. ಎತ್ತನ್ನು ಹಿಡಿದು ಬಾವಿಯ ದಂಡೆಗೆ ಬಂದು, ಮೇಲಿಂದಲೇ ಬಗ್ಗಿ ಅಂದ: "ಏ ಅಣ್ಣಾ, ನಿನ್ನ ಮೊಮ್ಮಗಳು ಎಷ್ಟ ಚಂದ ಕೈಕಾಲು ಬಡೀತಾಳ ನೋಡು! ಮೀನ ಆಗ್ಯಾಳ, ಮೀನ!"

ಕಣ್ಣಿದ್ದವನು ಹಾಗೆ ಅಂದ. ಕಣ್ಣಿದ್ದಿದ್ದರೆ ನಾನೂ ಹಾಗೇ ಅಂದು, ಹಗ್ಗ ಸಡಿಲು ಬಿಟ್ಟು ನಗುತ್ತ ಕೂಡುತ್ತಿದ್ದೆ.

ಆದರೆ ಹಗ್ಗ ಬೇರೆ ಹೇಳುತ್ತಿತ್ತು ಮಗಳೇ. ಹತ್ತಿ ಹಿಂಜುವಾಗ ಕಮಾನಿನ ತಂತಿಗೆ ಒಂದು ತಾಳ ಇರುತ್ತದೆ. ಬಡಿ, ಬಿಡು, ಬಡಿ, ಬಿಡು. ಹತ್ತಿಯೊಳಗೆ ಗಂಟು ಸಿಕ್ಕರೆ ತಂತಿ ತಾಳ ಬಿಟ್ಟು ನಡುಗುತ್ತದೆ. ಅದನ್ನು ಕಣ್ಣಿಂದ ಹುಡುಕಬಾರದು, ಕೈಯಿಂದ ತಿಳಿಯಬೇಕು ಎಂದು ನನ್ನಪ್ಪ ನನ್ನ ಬೆರಳಿಗೆ ಬಡಿದು ಕಲಿಸಿದ್ದ. ಅಲ್ಲಿಯ ತನಕ ಈಜಿನ ಹಗ್ಗ ತಾಳದಲ್ಲಿತ್ತು. ಒಮ್ಮೆಲೇ ಸಣ್ಣಗೆ, ಗಡಗಡ, ನಿಲ್ಲದೆ ನಡುಗಿತು. ನಗುವೂ ಇರಲಿಲ್ಲ. ಗಂಟು ಅನಿಸಿತು. ಎದ್ದು ನಿಂತು ಎಳೆದೆ. ನೈಲಾನ್ ಆಗಿದ್ದರೆ ಒದ್ದೆ ಕೈಯಿಂದ ಜಾರುತ್ತಿತ್ತು. ಪುಂಡಿನಾರು ಅಂಗೈ ಕಿತ್ತಿತು, ಜಾರಲಿಲ್ಲ. ಕಲ್ಲಿಗೆ ಬಡಿದು ಒಂದು ಬುರುಡೆ ಒಡೆಯಿತು. ನನ್ನ ಕೈಗೆ ಸಿಕ್ಕದ್ದು ಸೆಟೆದ ಒಂದು ಸಣ್ಣ ಮೈ, ಹಲ್ಲು ಕಟ್ಟಿದ್ದವು. ಗಾಳೆಪ್ಪ ಮೆಟ್ಟಿಲಿಳಿದು ಓಡಿಬಂದ, ಬೋರಲು ಮಾಡಿದೆವು. ನೀರು ಹೊರಗೆ ಬಂತು. ಎಷ್ಟು ಹೊತ್ತು ಎಂದು ಕೇಳಬೇಡ. ಕಡೆಗೆ "ಅಜ್ಜಾ, ಎತ್ತು ಸಿಕ್ತೇನು?" ಅಂದಳು. ಗಾಳೆಪ್ಪ ಅಲ್ಲೇ ಕೂತು ಅತ್ತ.

ಮನೆಗೆ ಬಂದ ಮೇಲೆ ನಿನ್ನ ಎರಡೂ ಪತ್ರಗಳನ್ನು ತೆಗೆದು ಇವಳ ಕೈಯಲ್ಲಿ ಕೊಟ್ಟೆ. ಅವುಗಳೊಳಗೆ ನನಗೆ ಕಾಣದ್ದು ಏನೋ ಇರಬೇಕು ಎಂದು ಆಗ ಹೊಳೆಯಿತು. ನಾನು ಕಾಗದ ಹರಿಯುವವನಲ್ಲ. ಮತ್ತೆ ಉಪಯೋಗಕ್ಕೆ ಬರಲೆಂದು ನಿನ್ನ ಪತ್ರದ ಮಡಿಕೆಯನ್ನೂ ಹಬೆ ಹಿಡಿದು ಬಿಚ್ಚಿ ಇಟ್ಟಿದ್ದೆ. ಇವಳು ಶಾಲೆಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದಿದಳು. "ಅಜ್ಜಾ, ಇಲ್ಲೊಂದು ಪೆನ್ಸಿಲ್ಲಿಂದು ಐತಿ" ಅಂದಳು. ನಾನು ತಡೆಯುವಷ್ಟರಲ್ಲಿ ಓದಿಬಿಟ್ಟಿದ್ದಳು. ತನ್ನ ರೋಗವನ್ನು ತಾನೇ ಓದಿದಳು ಮಗಳೇ, ಒಂದು ಅಕ್ಷರವೂ ತಪ್ಪದೆ. ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಈ ಸಲ ಅದು ವಿಚಾರವೇ. ಆಮೇಲೆ ಟ್ರಂಕಿನಿಂದ ಡಬ್ಬಿ ತಂದು, "ಅಜ್ಜಾ, ಗುಳಿಗಿ ನನಗ ನೆನಪ ಮಾಡು. ನಾ ನಿನಗ ಓದಿ ಹೇಳ್ತೀನಿ" ಅಂದಳು.

ಇವತ್ತು ನಿನ್ನ ಪತ್ರ ಗಾಳೆಪ್ಪನಿಗೆ ಬಂತು. ಬಾಗಿಲು ಹಾಕಿಕೊಂಡು ನನಗೊಬ್ಬನಿಗೇ ಓದಿ, ಮಡಚಿ ನನ್ನ ಕೈಗಿಟ್ಟ. "ಬರದಾಕಿಗೆ ಹೇಳಣ್ಣಾ, ನಾ ನಾಕನೇ ಇಯತ್ತೆ ಕಲತಾಂವ, ಓದಿದ್ದು ತಲ್ಯಾಗ ನಿಂದರೂದಿಲ್ಲ" ಅಂದ. ಅವನಿಂದ ಹೊರಗೆ ಹೋಗುವುದಿಲ್ಲ. ನನ್ನಿಂದಲೂ ಇಲ್ಲ. ನಿನ್ನ ಅತ್ತೆಗೆ ನನ್ನ ಬಾಯಿಯ ಹೆದರಿಕೆ ಇತ್ತು, ನ್ಯಾಯವೇ. ನೆಲದ ಮೇಲೆ ಗುರುತು ಉಳಿಯಬಾರದೆಂದು ಇಷ್ಟೆಲ್ಲ ಕಾಯಿದೆ ಮಾಡಿದವನು, ಕೂಸಿನ ಮೈಯನ್ನು ಮಾತ್ರ ಕೇಳಲಿಲ್ಲ.

ರವಿವಾರ ದಾದಾಪೀರ ಬಂದರೆ ತಡೆಯುವುದಿಲ್ಲ. ಟ್ರಂಕು ತುಂಬಿದೆ. ಇಂಗ್ಲಿಷಿನಲ್ಲಿ ಕ್ಷಮೆ ಕೇಳಲು ಒಂದು ಉದ್ದನ್ನ ಮಾತಿತ್ತು, ನೆನಪಾಗುತ್ತಿಲ್ಲ. ತಪ್ಪಾಯಿತು ಮಗಳೇ.

ಅಪ್ಪ

ಅವ್ವಾ ನಾ ಆರಾಮ ಅದೀನಿ. ಇದನ್ನ ಅಜ್ಜ ಹೇಳಿಲ್ಲ, ನಾನ ಬರದೀನಿ. ಒಡದ ಬುರುಡಿಯಾಗ ಮೂವತ್ತೆರಡು ಬೀಜ ಸಿಕ್ಕಾವು. ನಾ ರವಿವಾರ ಬರೂದಿಲ್ಲ. ದಿಲಶಾದ.

ಲಕ್ಷ್ಮೇಶ್ವರ
೯ ಮೇ ೧೯೮೪

ಅಪ್ಪಾ ಅವರಿಗೆ ಸಲಾಮು.

ಈ ಸಲ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಹಾಳೆಗೆ ಎಂಟು ಸಾಲು. ಶಾಯಿ ಕರಿಯದು. ಮಡಿಕೆಯೊಳಗೆ ಏನೂ ಬರೆದಿಲ್ಲ. ಇದನ್ನು ನಾದಿನಿ ಓದಲಿ, ಅತ್ತೆ ಕೇಳಲಿ.

ಇವರು ರವಿವಾರ ಬರಿಗೈಯಲ್ಲಿ ತಿರುಗಿ ಬಂದರು. ದಿಲಶಾದ ಟ್ರಂಕಿನ ಮೇಲೆ ಕೂತು, "ನಾ ಹೋದ್ರ ಅಜ್ಜಗ ಕಾಗದ ಓದಾವ್ರು ಯಾರು?" ಅಂದಳಂತೆ. ನಿಮ್ಮ ಪತ್ರವನ್ನು ಅತ್ತೆಗೆ ನಾನೇ ಓದಿದೆ, ಒಂದು ಸಾಲೂ ಬಿಡಲಿಲ್ಲ. ಅವರು ಸಂಜೆಗೆ ಕೂಸಿನ ತಲೆಗೆ ಎಣ್ಣೆ ಹಚ್ಚುತ್ತ, "ನಿಮ್ಮಪ್ಪನ್ನ ಕಣ್ಣಿನ ಡಾಕ್ಟರನ ಕಡೆ ಕರಕೊಂಡ ಹೋಗ್ರಿ" ಅಂದರು. ಇಷ್ಟು ಸಾಕು.

ಮೂವತ್ತೆರಡರಲ್ಲಿ ನಾಲ್ಕು ಬೀಜ ನನಗೆ ಇಡಿರಿ. ಶಾಲೆ ಸುರುವಾಗುವ ತನಕ ಮಗಳು ಅಲ್ಲೇ ಇರಲಿ.

ಬಾವಿಗೆ ಬೇಡ. ಹಗ್ಗ ಇರಲಿ.

ಮಾಸುಮಬಿ